ರಟ್ಟಿಲ್ಲದ ಕಾದಂಬರಿಯ ಕೊನೆ

ಒಬ್ಬನೇ ವೀರನಿರುವ ವೈಜ್ಞಾನಿಕ ಕಾದಂಬರಿಯನ್ನು ಪಾತ್ರ ವಹಿಸಿ ಆಡುವ ಆಟಕ್ಕೆ ಯಾರಿಗೂ ಶಿಫಾರಸು ಮಾಡಬೇಡಿ. ನಾಲ್ಕು ಜನ ಮೇಜಿನ ಸುತ್ತ ಕೂತಿರುತ್ತಾರೆ. ಒಬ್ಬ ಮಹಾಶೂರ ಗ್ರಹದ ಮೇಲೆ ಗ್ರಹ ಗೆಲ್ಲುತ್ತಾ ಹೋದರೆ ಮಿಕ್ಕ ಮೂವರೇನು ಅವನಿಗೆ ಬೀಸಣಿಗೆ ಬೀಸಬೇಕೇ? ಬರೀ ಯುದ್ಧದ ಕಾದಂಬರಿಯೂ ಬೇಡ, ಎರಡು ವಾರದೊಳಗೆ ಎಲ್ಲರೂ ಸತ್ತು ಆಟ ಮುಗಿದುಹೋಗುತ್ತದೆ. ಇದನ್ನೆಲ್ಲ ಆಗ ಎಂಥ ಜಂಬದಿಂದ ಹೇಳುತ್ತಿದ್ದೆ ಎಂದರೆ, ಈಗ ನೆನೆಸಿಕೊಂಡಾಗ ನನ್ನ ಕಪಾಳಕ್ಕೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನನ್ನ ಹೆಸರು ಮಹದೇವ, ನಂಜನಗೂಡಿನವನು. ಮದ್ರಾಸಿನ ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರೆಶರ್ ಗೇಜ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರ್ ಆಗಿದ್ದೆ. ಬಾಯ್ಲರಿನ ಮೇಲೆ ಗಡಿಯಾರದಂಥ ಮುಖದಲ್ಲಿ ಒಂದು ಮುಳ್ಳು ತಿರುಗುತ್ತದಲ್ಲ, ಅದೇ ಗೇಜು. ಮುಳ್ಳು ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ನೋಡುವುದು ನನ್ನ ಕೆಲಸ. ತೊಂಬತ್ತೆಂಟರ ಜನವರಿಗೆ ಆರ್ಡರುಗಳು ನಿಂತುಹೋದವು. ಯಂತ್ರಗಳ ಮೇಲೆ ತಾಡಪಾಲು ಬಿತ್ತು. ಆದರೆ ಯಜಮಾನರು ಬಾಗಿಲು ಮುಚ್ಚಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು, ನಾಲ್ಕೂವರೆಯ ಬೆಲ್ಲಿನವರೆಗೆ ಒಳಗೇ ಇರಬೇಕು, ಮೂರು ದಿನ ಬಾರದವನು ತಾನಾಗಿಯೇ ಕೆಲಸ ಬಿಟ್ಟ ಹಾಗೆ ಅಂತ ನೋಟಿಸು ಅಂಟಿಸಿದರು. ಹೊಸ ಆರ್ಡರ್ ಬರುತ್ತದೆ, ತಾಳ್ಮೆಯಿಂದಿರಿ ಎಂದರು. ಬರಲಿಲ್ಲ. ಅದೇ ವರ್ಷದ ದೀಪಾವಳಿಗೆ ಬೀಗ ಬಿತ್ತು, ಈಗ ಆ ಜಾಗದಲ್ಲಿ ಗಾಜಿನ ಕಟ್ಟಡವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರೂ ಆಸೆ ಇಟ್ಟುಕೊಂಡು ಓದುವುದು ಬೇಡ.

ಪ್ಯಾಕಿಂಗ್ ರೂಮಿನಲ್ಲಿ ನಾವು ನಾಲ್ಕು ಜನ ಕನ್ನಡದವರು ಕೂರುತ್ತಿದ್ದೆವು. ಸ್ಟೋರ್‌ಕೀಪರ್ ಪದ್ಮನಾಭ ಮೂರು ತಲೆಮಾರಿನಿಂದ ಮದ್ರಾಸಿನವನು, ಅವನ ಕನ್ನಡದಲ್ಲಿ ತಮಿಳೇ ಹೆಚ್ಚು. ವೀರೇಶ್ ದಾವಣಗೆರೆಯ ಹುಡುಗ, ಡಿಪ್ಲೊಮಾ ಮುಗಿಸಿ ಹಿಂದಿನ ವರ್ಷವಷ್ಟೇ ಸೇರಿದ್ದ. ಇನ್ನೊಬ್ಬ ಮಂಜುನಾಥ, ಮಂಡ್ಯದ ಕಡೆಯವನು, ಫಿಟ್ಟರ್. ಮೂವತ್ತೆಂಟು ವರ್ಷ, ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ. ಅವನ ಕೈ ಎಂಥದೆಂದರೆ ಅವನು ಕೂರಿಸಿದ ಮುಳ್ಳನ್ನು ನಾನು ಒಂದು ದಿನವೂ ವಾಪಸು ಕಳಿಸಿದವನಲ್ಲ. ನನ್ನ ಮೇಲೆ ಅವನಿಗೆ ವಿಪರೀತ ಭಕ್ತಿ. ಆ ಭಕ್ತಿಯೇ ಅವನನ್ನು ಹಾಳು ಮಾಡಿತು.

ಆಟ ತಂದವನು ವೀರೇಶ್. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನ ಗೆಳೆಯನಿಂದ ಅದರ ನಿಯಮಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದ. ಒಬ್ಬ ಸನ್ನಿವೇಶ ಹೇಳಬೇಕು, ಮಿಕ್ಕವರು ಒಂದೊಂದು ಪಾತ್ರವಾಗಿ ನಾನು ಹೀಗೆ ಮಾಡುತ್ತೇನೆ ಅನ್ನಬೇಕು, ಅದು ಆಯಿತೋ ಇಲ್ಲವೋ ದಾಳ ಹೇಳುತ್ತದೆ. ಅಷ್ಟೇ. ಮಂಜುನಾಥ ಹಿತ್ತಾಳೆಯ ತುಂಡನ್ನು ಅರದಿಂದ ಉಜ್ಜಿ ದಾಳ ಮಾಡಿದ, ನಾನು ಮೈಕ್ರೊಮೀಟರ್ ಹಿಡಿದು ಆರೂ ಮುಖ ಅಳೆದು ಪಾಸು ಮಾಡಿದೆ. ಮೂರು ತಿಂಗಳಲ್ಲಿ ನಾನು ಮಾಡಿದ ಇನ್‌ಸ್ಪೆಕ್ಷನ್ ಅದೊಂದೇ.

ವೀರೇಶನ ಮೊದಲ ಕತೆಯಲ್ಲಿ ಬರೀ ಗುಹೆ, ರಾಕ್ಷಸ, ನಿಧಿ. ಒಂದು ವಾರಕ್ಕೆ ಪದ್ಮನಾಭ ಕೈ ಮುಗಿದ.

"ಪೋದುಂಪ್ಪಾ, ಸಾಕು. ಈ ಗುಹೆ ಒಳಗೆ ನುಗ್ಗಿ ನುಗ್ಗಿ ಬೆನ್ನು ನೋವು ಬಂತು ನಂಗೆ."

"ಹಂಗಾರ ಬ್ಯಾರೇದು ಮಾಡೋಣ್ರಿ," ಅಂದ ವೀರೇಶ್. ನನ್ನ ಕಡೆ ತಿರುಗಿದ. "ಸರ್, ನೀವು ಸೈನ್ಸ್ ಫಿಕ್ಷನ್ ಭಾಳ ಓದೀರಲ್ಲ. ಆಟಕ್ಕ ಆಗೋವಂಥ ಒಂದ್ ನಾಕು ನಾವೆಲ್ ಹೇಳ್ರಿ."

ಕೇಳಿದ್ದೇ ತಡ, ನನಗೆ ಕೋಡು ಮೂಡಿತು. ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದಂಗಡಿಗಳನ್ನು ಇಪ್ಪತ್ತು ವರ್ಷ ಕೆದಕಿದವನು ನಾನು. ಮನೆಯಲ್ಲಿ ಮಂಚದ ಕೆಳಗೆಲ್ಲ ಅದೇ. ಮಾರನೆಯ ದಿನ ಟಿ. ನಗರದ ಮನೆಯಿಂದ ಎರಡು ಚೀಲ ಹೊತ್ತು ತಂದು ಮೇಜಿನ ಮೇಲೆ ಸುರಿದೆ. ಪೂರ್ತಿ ಸಮುದ್ರವೇ ಆಗಿರುವ ಗ್ರಹದ್ದು ಒಂದು. ಮೀನು ಹಿಡಿಯುವುದು ಬಿಟ್ಟರೆ ಅಲ್ಲಿ ಏನೂ ನಡೆಯುವುದಿಲ್ಲ, ನಮ್ಮ ಕಾಸಿಮೇಡಿನ ಮೀನು ಬಂದರಿಗೆ ಹೋದರೆ ಇದಕ್ಕಿಂತ ಹೆಚ್ಚು ಗಲಾಟೆ ನೋಡಬಹುದು, ಬೇಡ ಅಂದೆ. ಕಾಲದಲ್ಲಿ ಹಿಂದೆ ಹೋಗುವುದು ಇನ್ನೊಂದು. ಪದ್ಮನಾಭ ಹಿಂದೆ ಹೋದರೆ ತನ್ನ ಮದುವೆ ತಪ್ಪಿಸಿಕೊಂಡು ಬಿಡುತ್ತಾನೆ, ಆಟ ಅಲ್ಲಿಗೇ ನಿಲ್ಲುತ್ತದೆ, ಅದೂ ಬೇಡ ಅಂದೆ. ಎಲ್ಲರೂ ನಕ್ಕರು. ಆ ಕಟ್ಟಡದಲ್ಲಿ ಜನ ನಕ್ಕು ಎಷ್ಟು ದಿನವಾಗಿತ್ತೋ.

ಕೊನೆಗೆ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಎತ್ತಿಕೊಂಡೆ. ಅದರ ಹೆಸರು ನನಗೂ ಗೊತ್ತಿಲ್ಲ.

"ಇದು ನೋಡು ಆಟಕ್ಕೆ ಹೇಳಿ ಮಾಡಿಸಿದ್ದು. ಒಂದು ದೊಡ್ಡ ಆಕಾಶನೌಕೆ. ಎಂಜಿನ್ ಕೆಟ್ಟು ನಡುದಾರೀಲಿ ನಿಂತುಬಿಟ್ಟಿದೆ. ದೂರದ ಸ್ಟೇಷನ್ನಿಂದ ದಿನಾ ಒಂದೇ ಸುದ್ದಿ ಬರುತ್ತೆ, ನಿಮ್ಮ ನಿಮ್ಮ ಜಾಗ ಬಿಡಬೇಡಿ, ಸಹಾಯ ಹೊರಟಿದೆ ಅಂತ. ನೌಕೆಯಲ್ಲಿ ಒಂದು ಪುಟ್ಟ ದೋಣಿ ಇದೆ. ಬೇಕಾದೋನು ಹತ್ತಿಕೊಂಡು ಹೋಗಬಹುದು, ಆದರೆ ಹೋದೋನು ವಾಪಸು ಬರೋ ಹಾಗಿಲ್ಲ. ಕಾಯೋದಾ, ಹೋಗೋದಾ? ಇದರಲ್ಲಿ ಒಬ್ಬ ವೀರ ಇಲ್ಲ, ಎಲ್ಲರಿಗೂ ಕೆಲಸ ಇದೆ."

ಮಂಜುನಾಥ ಕೇಳುತ್ತಾ ಕೇಳುತ್ತಾ ಮುಂದಕ್ಕೆ ಬಾಗಿದ್ದ. ನಾನು ಮೂರು ದಿನ ಅವರಿಗೆ ಕತೆ ಹೇಳಿದೆ. ಪೆದ್ದ ನಾನು, ಆ ಕತೆ ಯಾರ ಕತೆ ಅಂತ ನನಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಶುಕ್ರವಾರ. ಮಧ್ಯಾಹ್ನ ಯಜಮಾನರು ನನ್ನನ್ನು ರೂಮಿಗೆ ಕರೆಸಿದರು. ಅವರಿಗೆ ಬಿಪಿ ಜಾಸ್ತಿಯಾಗಿತ್ತು. ಮನೆಯಿಂದ ಬಿಪಿ ನೋಡುವ ಯಂತ್ರ ತಂದಿದ್ದರು. ಅದೂ ಒಂದು ಗೇಜೇ ತಾನೇ, ಸರಿಯಾಗಿ ತೋರಿಸುತ್ತಿದೆಯೋ ನೋಡು ಅಂದರು. ನೋಡಿದೆ, ಸರಿಯಾಗಿಯೇ ಇತ್ತು. ಯಾರಿಗೂ ಹೇಳಬೇಡ ಎಂದರು. ಮುಕ್ಕಾಲು ಗಂಟೆಯ ಮೇಲೆ ನಾನು ಆಚೆ ಬಂದಾಗ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನೂ ಇಲ್ಲ ಅಂದೆ.

ನಾಲ್ಕೂವರೆಗೆ ಐದು ನಿಮಿಷವಿದ್ದಾಗ ಮಂಜುನಾಥ ಕೇಳಿದ, "ಕೊನೇಲಿ ಏನಾಯ್ತದೆ ಸಾ? ಸಹಾಯ ಬತ್ತದಾ?"

ಬರುವುದಿಲ್ಲ. ಪುಸ್ತಕದಲ್ಲಿ ದೋಣಿ ಹತ್ತಿ ಹೋದ ಒಬ್ಬಳು ಮಾತ್ರ ಬದುಕುತ್ತಾಳೆ. ಸ್ಟೇಷನ್ನಿನಲ್ಲಿ ಎಷ್ಟೋ ವರ್ಷದಿಂದ ಯಾರೂ ಇಲ್ಲ, ಬರುತ್ತಿದ್ದ ಸುದ್ದಿ ಯಂತ್ರದ್ದು. ಕಾದವರೆಲ್ಲ ಕತ್ತಲಲ್ಲಿ ಸಾಯುತ್ತಾರೆ. ಅದನ್ನು ಹೇಳಲು ಬಾಯಿ ತೆರೆದೆ. ಆದರೆ ನಮ್ಮ ತಾಯಿ ಲೀಲಮ್ಮ ಬೆಳೆಸಿದ ಬಾಯಿ ಇದು. ನಮ್ಮ ಮನೆಯಲ್ಲಿ ಸಂಜೆ ಪುರಾಣ ಓದುವಾಗ ಸಾವಿನಲ್ಲೋ ವನವಾಸದಲ್ಲೋ ನಿಲ್ಲಿಸಿ ಪುಸ್ತಕ ಮಡಿಸುವ ಹಾಗಿರಲಿಲ್ಲ. ಎಷ್ಟು ಹೊತ್ತಾದರೂ ಸರಿ, ಒಂದು ಮದುವೆಯೋ ಪಟ್ಟವೋ ಮಗು ಹುಟ್ಟುವುದೋ ಬರುವವರೆಗೆ ಓದಬೇಕು, ಆಗದಿದ್ದರೆ ಹಾಳೆ ಹಾರಿಸಿ ಶುಭವಿರುವ ಕಡೆ ಹೋಗಿ ಎರಡು ಸಾಲು ಓದಿ ಮುಗಿಸಬೇಕು. ಕೇಳಿದವರು ಅಶುಭವನ್ನು ಮನೆಗೆ ಹೊತ್ತುಕೊಂಡು ಹೋಗಬಾರದು. ಶುಕ್ರವಾರ ಸಂಜೆ, ಸತ್ತ ಕಾರ್ಖಾನೆ, ಎದುರಿಗೆ ಮೂರು ಮುಖ. ನನ್ನ ನಾಲಿಗೆ ಹಾಳೆ ಹಾರಿಸಿತು.

"ಬರುತ್ತಪ್ಪಾ," ಅಂದೆ. "ಸಹಾಯ ಬರುತ್ತೆ. ಜಾಗ ಬಿಡದೆ ಕಾದವರೆಲ್ಲ ಉಳಿದುಕೊಳ್ಳುತ್ತಾರೆ."

ಬೆಲ್ಲು ಹೊಡೆಯಿತು. ಒಳ್ಳೆಯ ಮಾತಿನಲ್ಲಿ ನಿಲ್ಲಿಸಿದೆನಲ್ಲ ಅಂತ ಹಗುರವಾಗಿ ಟ್ರೇನು ಹತ್ತಿದೆ.

ಆಟ ಕಟ್ಟಬೇಕೆಂದು ವೀರೇಶ್ ಪುಸ್ತಕ ಒಯ್ದ. ಎರಡು ದಿನಕ್ಕೆ ನನ್ನನ್ನು ನಲ್ಲಿಯ ಹತ್ತಿರ ಹಿಡಿದುಕೊಂಡ.

"ಸರ್, ಕಡೀಕೆ ಯಾರೂ ಬರಂಗಿಲ್ಲಲ್ರಿ ಇದರಾಗ!"

"ಗೊತ್ತು. ಬಾಯಿ ಮುಚ್ಚಿಕೊಂಡು ಆಟ ನಡೆಸು. ಶುಭವಾಗಿ ಮುಗಿಸು."

"ಆಟದ ಮಜಾನೇ ಹೋಗ್ತತ್ರಿ."

"ಹೋಗಲಿ ಬಿಡು," ಎಂದು ಗದರಿದೆ. ಹುಡುಗ ನಾನು ಹೇಳಿದಂತೆಯೇ ಮಾಡಿದ. ಅವನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಆಟ ಶುರುವಾಯಿತು. ಮಂಜುನಾಥನದು ಎಂಜಿನ್ ನೋಡಿಕೊಳ್ಳುವವನ ಪಾತ್ರ. ಅವನು ಆಡುವುದನ್ನು ನೀವು ನೋಡಬೇಕಿತ್ತು. ಮನೆಯಿಂದ ಎಂಜಿನ್ನಿನ ನಕ್ಷೆ ಬರೆದುಕೊಂಡು ಬರುತ್ತಿದ್ದ, ಇಲ್ಲದ ವಾಲ್ವನ್ನು ಗಂಟೆಗಟ್ಟಲೆ ರಿಪೇರಿ ಮಾಡುತ್ತಿದ್ದ. ಒಂದು ವಾರ ಪುಸ್ತಕ ಕೇಳಿ ಇಸಿದುಕೊಂಡ. ಮಗಳು ತೇಜು ಒಂಬತ್ತನೇ ಕ್ಲಾಸು, ಕಾನ್ವೆಂಟು, ಓದಿ ಹೇಳುತ್ತಾಳೆ ಅಂದ. ಕೊನೆಯವರೆಗೆ ಓದಿದರೆ ನನ್ನ ಸುಳ್ಳು ಬಯಲಾಗುತ್ತದಲ್ಲ. ಸೋಮವಾರ ಏನೂ ಅನ್ನದೆ ತಂದುಕೊಟ್ಟ. ಹುಡುಗಿ ನಾಲ್ಕು ಪುಟಕ್ಕೇ ಬಿಟ್ಟಿರಬೇಕು ಅಂದುಕೊಂಡು ಉಸಿರು ಬಿಟ್ಟೆ.

ಮೇ ತಿಂಗಳ ನಡುವೆ, ಮದ್ರಾಸಿನವರು ಕತ್ತಿರಿ ಅನ್ನುವ ಸುಡುಬಿಸಿಲಿನ ಒಂದು ಭಾನುವಾರ, ಅವನ ಹೆಂಡತಿ ಜಯಲಕ್ಷ್ಮೀ ಟಿ. ನಗರದ ನಮ್ಮ ಮನೆಗೆ ಬಂದಳು. ಸೈದಾಪೇಟೆಯಿಂದ ನಡೆದೇ ಬಂದಿದ್ದಳು. ನನ್ನವಳು ಕೊಟ್ಟ ನೀರನ್ನು ಕುಡಿಯದೆ ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು. ಮೈಸೂರಿನ ಒಂದು ಟೂಲ್ ರೂಮಿನದು. ಅವಳ ಅಣ್ಣ ಅಲ್ಲಿ ಕೈಕಾಲು ಹಿಡಿದು ಮಂಜುನಾಥನಿಗೆ ಫಿಟ್ಟರ್ ಕೆಲಸ ಮಾಡಿಸಿದ್ದ. ಜೂನ್ ಒಂದು, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಜರಾಗಬೇಕು, ಇಲ್ಲದಿದ್ದರೆ ಮುಂದಿನವನಿಗೆ.

"ಓಗಾಕಿಲ್ಲ ಅಂತಾರೆ ನಮ್ಮನೆಯೋರು," ಅಂದಳು. "ಯಾಕೆ ಅಂದ್ರೆ ನಿಂಗ್ ಗೊತ್ತಾಗಕಿಲ್ಲ ಸುಮ್ಕಿರು ಅಂತಾರೆ. ನೀವು ಅಂದ್ರೆ ದೇವ್ರು ಅವರ್ಗೆ. ನೀವೊಂದ್ ಮಾತು ಯೋಳಿ. ಮಗಿನ ಮುಖ ನೋಡ್ಕಂಡಾದ್ರೂ ಯೋಳಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮಾರನೆಯ ದಿನ ಊಟದ ಹೊತ್ತಿಗೆ ಹೇಳಿದೆ.

"ಮಂಜುನಾಥ, ಮೈಸೂರಿಗೆ ಹೋಗಿಬಿಡಪ್ಪಾ. ಇಲ್ಲೇನಿದೆ?"

ಅವನು ಪದ್ಮನಾಭನ ಕಡೆ ಒಂದು ಸಲ ನೋಡಿ, ನನ್ನ ಕಡೆ ನೋಡಿ, ಮೆಲ್ಲಗೆ ನಕ್ಕ. "ಆಯ್ತು ಬುಡಿ ಸಾ. ನೀವು ಯೋಳ್ಬೇಕಾದ್ದು ಯೋಳಿದ್ರಿ."

ಆಗಲೇ, ಅಲ್ಲೇ, ಆ ಪುಸ್ತಕದ ಕೊನೆ ಸುಳ್ಳು ಕಣಯ್ಯಾ ಅನ್ನಬೇಕಿತ್ತು. ಕಾಯುವುದೇ ಸರಿ ಅಂತ ನನ್ನ ಕತೆ ಅವನ ತಲೆಯಲ್ಲಿ ಕೂತಿದೆ ಎಂಬ ಅನುಮಾನ ನನಗೆ ಬಂದಿತ್ತು. ಆದರೆ ಪದ್ಮನಾಭ ಎದುರಿಗಿದ್ದ. ಇಷ್ಟು ವರ್ಷದ ಇನ್ಸ್‌ಪೆಕ್ಟರ್ ಸುಳ್ಳು ಹೇಳಿ ಸಿಕ್ಕಿಬಿದ್ದ ಅಂತ ಕ್ಯಾಂಟೀನೆಲ್ಲ ಸಾರಿಬಿಡುತ್ತಾನೆ ಆ ಮಹಾರಾಯ. ಮಾನಕ್ಕೆ ಅಂಜಿದೆ. ಎರಡು ವಾರ ಅಂಜುತ್ತಲೇ ಇದ್ದೆ.

ಆಟದಲ್ಲಿ ಆ ವಾರ ವೀರೇಶ್ ಮಂಜುನಾಥನಿಗೆ ದೋಣಿ ಕೊಟ್ಟ. ಹತ್ತುತ್ತೀಯಾ ಅಂತ ಕೇಳಿದ. ಮಂಜುನಾಥ ದಾಳ ಮುಟ್ಟಲೇ ಇಲ್ಲ.

"ಹತ್ತಾಕಿಲ್ಲ. ನನ್ ಜಾಗ ಇದು," ಅಂದ.

ಮೇ ಮೂವತ್ತೊಂದು, ಭಾನುವಾರ. ಅವನು ಮೈಸೂರಿಗೆ ಹೋಗುವುದಾದರೆ ಅವತ್ತು ರಾತ್ರಿಯ ರೈಲು ಹತ್ತಬೇಕು. ಇನ್ನು ತಡೆಯಲಾರದೆ ಬೆಳಿಗ್ಗೆ ಹತ್ತಕ್ಕೆ ಸೈದಾಪೇಟೆಗೆ ಹೋದೆ. ಒಂದೇ ಕೋಣೆಯ ಮನೆ. ಬಾಗಿಲ ಪಕ್ಕದಲ್ಲಿ ಜಯಲಕ್ಷ್ಮೀ ಕಟ್ಟಿಟ್ಟ ಬ್ಯಾಗು. ಅದರ ಮೇಲೆ ಹೊಸ ಅಂಗಿ ಮಡಿಸಿ ಇಟ್ಟಿದ್ದಳು. ಮಂಜುನಾಥ ಬನಿಯನ್ನಿನಲ್ಲಿ ಕೂತು ನೌಕೆಯ ನಕ್ಷೆ ತಿದ್ದುತ್ತಿದ್ದ. ನನ್ನನ್ನು ಕಂಡು ಗಾಬರಿಯಿಂದ ಎದ್ದು ಕುರ್ಚಿ ಒರೆಸಿದ.

ನಾನು ಬಾಯಿ ತೆರೆಯುವ ಮೊದಲೇ ತೇಜು ಓಡಿಬಂದಳು. ಆ ಹುಡುಗಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ.

"ಅಂಕಲ್, ಅಂದ ಬುಕ್ಕುಲ ಕಡೈಸೀಲ ಯಾರುಮೇ ವರಮಾಟ್ಟಾಂಗಳೇ! ರೊಂಬ ಸ್ಯಾಡ್."

ಕೊನೆಗೆ ಯಾರೂ ಬರುವುದಿಲ್ಲವಲ್ಲ ಅನ್ನುತ್ತಿದ್ದಾಳೆ. ನಾನು ಕೇಳಿದೆ, "ಅಪ್ಪನಿಗೆ ಹೇಳಿದೆಯಾ ಪುಟ್ಟಿ?"

"ಅಪ್ಪೋವೇ ಸೊನ್ನೇನೇ," ಅಂದಳು. ಆಗಲೇ ಹೇಳಿದೆನಲ್ಲ ಅಂತ.

ನಾನು ಮಂಜುನಾಥನನ್ನು ನೋಡಿದೆ. ಅವನು ಮಗಳನ್ನು ಆಚೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, ನನ್ನ ಹತ್ತಿರ ನೆಲದ ಮೇಲೆ ಕೂತ.

"ಅವಾಗ್ಲೇ ಗೊತ್ತಾಯ್ತು ಸಾ ನಂಗೆ. ಬುಕ್ಕಲ್ಲಿ ಎಲ್ರೂ ಸಾಯ್ತಾರೆ, ನಮ್ ಸಾರು ಬದುಕ್ತಾರೆ ಅಂದ್ರಲ್ಲ, ಯಾಕೆ ಅಂದ್ಕಂಡೆ. ಸುಮ್ಸುಮ್ಕೆ ಕತೆ ತಿರುಗ್ಸೋ ಜನ ಅಲ್ಲ ನೀವು. ಒಂದು ಮುಳ್ಳು ಕೂದ್ಲೆಳೆ ಆಚೀಚೆ ಆದ್ರೂ ಬುಡೋರಲ್ಲ. ಅವತ್ತೇ ತಾನೇ ಯಜಮಾನ್ರು ಒಳಕ್ಕೆ ಕರ್ಸಿದ್ದು? ಮುಕ್ಕಾಲು ಗಂಟೆ ಇದ್ರಿ. ಆಚೆ ಬಂದು ಏನೂ ಇಲ್ಲ ಅಂದ್ರಿ. ಸಂಜೀಕೆ, ಜಾಗ ಬುಡ್ದೆ ಕಾದೋರು ಉಳ್ಕತಾರೆ ಅಂದ್ರಿ. ಬಾಯ್ಬುಟ್ಟು ಯೋಳಂಗಿಲ್ಲ ನೀವು, ಅದ್ಕೇ ಕತೇಲಿ ಇಕ್ಕಿ ಯೋಳಿದ್ರಿ. ಆರ್ಡರ್ ಬತ್ತಾ ಅದೆ ಅಂತ."

ಅಯ್ಯೋ ದೇವರೇ ಅಂದೆ. ಜೋರಾಗಿಯೇ ಅಂದೆ. ಎದ್ದು ನಿಂತು ಕೂಗಾಡಿದೆ.

"ಲೋ ಮಂಜುನಾಥ, ನನಗೇನೂ ಗೊತ್ತಿಲ್ಲ ಕಣೋ! ಯಜಮಾನರು ಕರೆಸಿದ್ದು ಅವರ ಬಿಪಿ ಯಂತ್ರ ಸರಿ ಇದೆಯಾ ನೋಡೋಕೆ. ಅಷ್ಟೇ! ಯಾರಿಗೂ ಹೇಳಬೇಡ ಅಂದಿದ್ದು ಅವರ ಕಾಯಿಲೆ ವಿಷಯ. ಕತೆ ತಿರುಗಿಸಿದ್ದು ನಮ್ಮಮ್ಮ ಹೇಳಿಕೊಟ್ಟಿದ್ದಕ್ಕೆ, ಅಶುಭದಲ್ಲಿ ನಿಲ್ಲಿಸಬಾರದು ಅಂತ. ಬೇರೆ ಏನೂ ಇಲ್ಲ. ಆರ್ಡರೂ ಇಲ್ಲ, ಮಣ್ಣೂ ಇಲ್ಲ. ಆ ಕಾರ್ಖಾನೆ ಸತ್ತಿದೆ. ಹೋಗು, ರೈಲು ಹತ್ತು!"

ಅವನು ನನ್ನನ್ನೇ ನೋಡಿದ. ಮೊದಲು ಅವನ ಮುಖ ಸಣ್ಣದಾಯಿತು, ಅರ್ಥವಾಯಿತು ಅಂದುಕೊಂಡೆ. ಆಮೇಲೆ ಅವನ ಹೊಟ್ಟೆ ಕುಲುಕಿತು. ನಗುತ್ತಿದ್ದ.

"ಬಿಪಿ ಮಿಷಿನ್ನಾ? ಏನ್ ಸಾ ನೀವು, ಇದ್ಕಿಂತ ಒಳ್ಳೆ ಸುಳ್ಳು ಸಿಗ್ನಿಲ್ವಾ? ಅಷ್ಟ್ ದೊಡ್ಡ ಯಜಮಾನ್ರು, ಬಿಪಿ ನೋಡೋಕೆ ನಿಮ್ಮುನ್ನ ಕರೀತಾರಾ?"

"ನಮ್ಮಮ್ಮನ ಆಣೆ ಕಣೋ!"

"ಬುಡಿ ಸಾ, ತಾಯಿ ಮ್ಯಾಲೆಲ್ಲ ಆಣೆ ಇಕ್ಬೇಡಿ, ಪಾಪ ಬತ್ತದೆ," ಅಂದು ನನ್ನ ಕೈ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು. "ನಾನು ಹೊಂಟೋಯ್ತೀನಿ ಅಂತ ಯಜಮಾನ್ರಿಗೆ ಗೊತ್ತಾಗಿ, ಹೋಗ್ತಾನೋ ಇರ್ತಾನೋ ನೋಡ್ಕಂಡ್ ಬಾ ಅಂತ ಕಳ್ಸವ್ರೆ ಅಲ್ವಾ? ಇಲ್ದಿದ್ರೆ ಈ ಬಿಸ್ಲಲ್ಲಿ ನೀವು ನಮ್ಮನೆ ತಂಕ ಯಾಕ್ ಬತ್ತಿದ್ರಿ? ಹದ್ನಾರು ವರ್ಸದಲ್ಲಿ ಬಂದೋರಲ್ಲ. ಯೋಳ್ಬುಡಿ ಅವರ್ಗೆ, ಮಂಜುನಾಥ ಜಾಗ ಬುಡಾಕಿಲ್ಲ ಅಂತ."

ನಾನು ಇನ್ನೂ ಹೇಳಿದೆ. ಬೈದೆ, ಕೈ ಮುಗಿದೆ, ಕಾಲು ಹಿಡಿಯಲೂ ಹೋದೆ, ಅವನು ಹೌಹಾರಿ ಹಿಂದಕ್ಕೆ ಸರಿದ. ನಾನು ಇಲ್ಲ ಇಲ್ಲ ಅಂದಷ್ಟೂ ಅವನಿಗೆ ಇದೆ ಇದೆ ಅನ್ನಿಸುತ್ತಾ ಹೋಯಿತು. ಒಲೆಯ ಹತ್ತಿರ ಜಯಲಕ್ಷ್ಮೀ ನಿಂತಿದ್ದಳು. ನನ್ನನ್ನು ನೋಡಿದ ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವಳು ಮಾತ್ರ ನನ್ನನ್ನು ನಂಬಿದ್ದಳು. ಆಮೇಲೆ ಅವಳು ಬ್ಯಾಗಿನ ಮೇಲಿದ್ದ ಅಂಗಿ ತೆಗೆದು ಗೂಟಕ್ಕೆ ಹಾಕಿದಳು.

ಸೋಮವಾರ ಬೆಳಿಗ್ಗೆ ಗಿಂಡಿ ಸ್ಟೇಷನ್ನಿನಲ್ಲಿ ಇಳಿದು ಕಾರ್ಖಾನೆಯವರೆಗೆ ನಡೆಯುವಾಗ, ಅವನು ಬಂದಿರದಿರಲಿ ಅಂತ ಮನೆದೇವರಿಗೆ ಹರಕೆ ಹೊತ್ತೆ. ರಾತ್ರಿ ಹೆಂಡತಿ ಅತ್ತು ಕರೆದು ರೈಲು ಹತ್ತಿಸಿರಬಹುದು ಅಂದುಕೊಂಡೆ. ಗೇಟಿನಲ್ಲಿ ವಾಚ್‌ಮನ್ ಮೇಜಿನ ಮುಂದೆ ಸಾಲಿತ್ತು. ಸಾಲಿನ ಮೊದಲಲ್ಲೇ ಮಂಜುನಾಥ ನಿಂತಿದ್ದ. ಕ್ಷೌರ ಮಾಡಿಕೊಂಡು, ಹಣೆಗೆ ವಿಭೂತಿ ಇಟ್ಟು, ಮೈಸೂರಿಗೆಂದು ತಂದ ಆ ಹೊಸ ಅಂಗಿ ತೊಟ್ಟುಕೊಂಡು. ಗೋಡೆಯ ಗಡಿಯಾರದಲ್ಲಿ ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ನನ್ನನ್ನು ಕಂಡದ್ದೇ ಜಾಗ ಮಾಡಿ ಪಕ್ಕಕ್ಕೆ ಕರೆದ. ಸಹಿ ಹಾಕಿ ಪೆನ್ನನ್ನು ನನ್ನ ಕೈಗೆ ಕೊಡುತ್ತಾ, ಹಿಂದಿದ್ದ ಪದ್ಮನಾಭನಿಗೆ ಕೇಳಿಸದ ಹಾಗೆ ಹೇಳಿದ.

"ಆರ್ಡರ್ ಯಾವತ್ತು ಅಂತ ನಾನು ಕೇಳಾಕಿಲ್ಲ ಸಾ. ಯೋಳಂಗೂ ಇಲ್ಲ, ಬುಡಂಗೂ ಇಲ್ಲ, ನಿಮ್ಗೂ ಕಷ್ಟ ಅಲ್ವಾ."

ನಾನು ಪೆನ್ನು ಇಸಿದುಕೊಂಡು ಅವನ ಹೆಸರಿನ ಕೆಳಗೆ ನನ್ನ ಸಹಿ ಹಾಕಿದೆ.